ನೆಸ್ಟಾಳ ಕನ್ನಡದ ದನಿ

ಕೊರೊನಾ ಲಾಕ್‌ಡೌನ್‌ಗಳೆಲ್ಲ ಮುಗಿದು ಎರಡನೆಯ ವರ್ಷ. ನಾನು ಆಗ ಇಂದಿರಾನಗರದ ಒಂದು ಡಬ್ಬಿಂಗ್ ಸ್ಟುಡಿಯೋದಲ್ಲಿ ಕನ್ನಡ ವಿಭಾಗದ ಡಬ್ಬಿಂಗ್ ಡೈರೆಕ್ಟರ್ ಆಗಿದ್ದೆ. ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದಿತ್ತು. ಹುದ್ದೆಯ ಹೆಸರು ಕೇಳಿ ನೆಂಟರಲ್ಲಿ ಕೆಲವರು ನನ್ನನ್ನು ಸಿನಿಮಾ ನಿರ್ದೇಶಕನೆಂದೇ ತಿಳಿದು, ಮದುವೆಮನೆಗಳಲ್ಲಿ ತಮ್ಮ ಮಕ್ಕಳ ಫೋಟೋ ತೋರಿಸುತ್ತಿದ್ದರು. ನಿಜವಾದ ಕೆಲಸ ಅಷ್ಟು ಬಣ್ಣದ್ದಲ್ಲ. ಬೇರೆ ಭಾಷೆಯ ಧಾರಾವಾಹಿಯೊಂದು ಬರುತ್ತದೆ. ಅದರ ಮಾತನ್ನು ತುಟಿಯ ಚಲನೆಗೆ ಹೊಂದುವಂತೆ ಕನ್ನಡಕ್ಕೆ ತರಬೇಕು, ಆ ಮಾತಿಗೆ ತಕ್ಕ ದನಿಯ ಕಲಾವಿದರನ್ನು ಹುಡುಕಬೇಕು, ಅವರು ಗಾಜಿನ ಆಚೆ ಮೈಕಿನ ಮುಂದೆ ನಿಂತು ಹೇಳುವಾಗ ಈಚೆ ಕೂತು ‘ಇನ್ನೊಂದು ಸಲ’ ಎನ್ನುತ್ತಿರಬೇಕು. ದಿನಕ್ಕೆ ನೂರೈವತ್ತು ಸಲವಾದರೂ ಈ ಎರಡು ಪದ ಹೇಳುತ್ತಿದ್ದೆ. ಮನೆಯಲ್ಲಿ ಹೆಂಡತಿ ಸಾರು ಬಡಿಸುವಾಗಲೂ ಬಾಯಿಗೆ ಅದೇ ಬಂದುಬಿಡುತ್ತಿತ್ತು. ಅವಳು ಸುಮ್ಮನೆ ಇನ್ನೊಂದು ಸೌಟು ಹಾಕುತ್ತಿದ್ದಳು.

ಅದಕ್ಕೆ ನಾಲ್ಕು ವರ್ಷ ಮೊದಲು, ಕನ್ನಡಕ್ಕೆ ಡಬ್ಬಿಂಗ್ ಬೇಕೋ ಬೇಡವೋ ಎಂಬ ಹಳೆಯ ಜಗಳ ಒಂದಿಷ್ಟು ತಣ್ಣಗಾದ ಮೇಲೆ, ನಮ್ಮ ಸ್ಟುಡಿಯೋಗೆ ಬಂದ ಮೊದಲ ದೊಡ್ಡ ಕೆಲಸವೇ ನೆಸ್ಟಾಳ ಧಾರಾವಾಹಿ. ನೆಸ್ಟಾ ವೇಲ್ಸಿನ ನಟಿ. ವೇಲ್ಸ್ ಎಂದರೆ ಇಂಗ್ಲೆಂಡಿಗೆ ಅಂಟಿಕೊಂಡಿರುವ ಒಂದು ಸಣ್ಣ ಬೆಟ್ಟದ ನಾಡು, ಅದಕ್ಕೆ ಅದರದೇ ಭಾಷೆ ಇದೆ. ಧಾರಾವಾಹಿಯಲ್ಲಿ ಅವಳು ಅಂಥದೊಂದು ಬೆಟ್ಟದ ಊರಿನ ಬಸ್ ಡ್ರೈವರ್. ಬಸ್ಸು ಹತ್ತಿದವರ ಮನೆಯ ತಾಪತ್ರಯವೆಲ್ಲ ಅವಳ ತಲೆಗೇ ಬರುತ್ತದೆ. ಬೈಯುತ್ತಾಳೆ, ನಗಿಸುತ್ತಾಳೆ, ಕೊನೆಗೆ ಬಸ್ಸನ್ನು ದಾರಿ ಬಿಡಿಸಿಯಾದರೂ ಯಾರನ್ನೋ ಆಸ್ಪತ್ರೆಗೆ ತಲುಪಿಸುತ್ತಾಳೆ. ಅವಳು ಆಡುವ ಇಂಗ್ಲಿಷಿನಲ್ಲಿ ಅವಳ ಊರಿನ ರಾಗವಿತ್ತು. ಪ್ರತಿ ವಾಕ್ಯದ ಕೊನೆಯನ್ನೂ ಕೊಂಚ ಮೇಲಕ್ಕೆತ್ತಿ ಬಿಡುತ್ತಿದ್ದಳು. ಎರಡು ಸೀಸನ್, ತಲಾ ಎಂಟು ಕಂತು. ನಾವು ಕೈಗೆತ್ತಿಕೊಳ್ಳುವಾಗಲೇ ಅವು ಸಾಕಷ್ಟು ಹಳೆಯವಾಗಿದ್ದವು ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಆಗ ಅದಕ್ಕೆ ನಾನು ಬೆಲೆ ಕೊಟ್ಟಿರಲಿಲ್ಲ.

ಕನ್ನಡದಲ್ಲಿ ನೆಸ್ಟಾ ಆದವರು ಸ್ಟೆಲ್ಲಾ. ಮರ್ಫಿ ಟೌನಿನವರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಚರ್ಚಿನಲ್ಲಿ ಇಂಗ್ಲಿಷು, ಶಿವಾಜಿನಗರದ ಮಾರ್ಕೆಟ್ಟಿನಲ್ಲಿ ಚೌಕಾಸಿಗೆ ದಖನಿ ಉರ್ದು. ಹೊರರಾಜ್ಯದಿಂದ ಬಂದ ಕನ್ನಡ ಬಾರದ ಹೀರೋಯಿನ್‌ಗಳಿಗೆ ಇಪ್ಪತ್ತು ವರ್ಷ ದನಿ ಕೊಟ್ಟವರು. ಪರದೆಯ ಮೇಲೆ ಯಾರ್ಯಾರೋ ಕುಣಿದರು, ಅತ್ತರು, ಮದುವೆಯಾದರು. ಅವರೆಲ್ಲರ ಬಾಯಿಂದ ಕನ್ನಡ ಆಡಿದ್ದು ಈ ಹೆಂಗಸು. ವಯಸ್ಸು ನಲವತ್ತೈದು ದಾಟಿದ ಮೇಲೆ ಹೀರೋಯಿನ್ ಕೆಲಸ ನಿಂತು, ಅತ್ತೆಯರ ಪಾಲು ಬಂತು. ಆಮೇಲೆ ಅದೂ ಕಡಿಮೆಯಾಗಿ, ಕೆಮ್ಮಿನ ಸಿರಪ್ಪಿನ ಜಾಹೀರಾತಿನಲ್ಲಿ ಬರೀ ಕೆಮ್ಮಲು ಕರೆಯುತ್ತಿದ್ದರು. ಅಂಥ ಹೊತ್ತಿನಲ್ಲಿ ನೆಸ್ಟಾ ಬಂದಳು. ಆರು ಜನರ ದನಿ ಪರೀಕ್ಷೆ ಮಾಡಿದ್ದೆ. ಉಳಿದ ಐವರು ಚೆನ್ನಾಗಿ ಮಾತಾಡಿದರು, ಸ್ಟೆಲ್ಲಾ ಬಸ್ಸು ಓಡಿಸಿದರು.

ಅವರ ಶ್ರದ್ಧೆ ನನಗೆ ಕೆಲವೊಮ್ಮೆ ತಮಾಷೆಯಾಗಿಯೂ ಕಾಣುತ್ತಿತ್ತು. ನೆಸ್ಟಾ ಕಾಣಿಸಿಕೊಂಡ ಹಳೆಯ ತುಣುಕುಗಳನ್ನೆಲ್ಲ ಫೋನಿನಲ್ಲಿ ಹುಡುಕಿ ಹುಡುಕಿ ನೋಡಿದ್ದರು. ಚಿಕ್ಕ ವಯಸ್ಸಿನಲ್ಲಿ ವೆಲ್ಷ್ ಭಾಷೆಯ ಮಕ್ಕಳ ಕಾರ್ಯಕ್ರಮವೊಂದರಲ್ಲಿ ಕೋಳಿಯ ಟೋಪಿ ಹಾಕಿಕೊಂಡು ಹಾಡಿದ್ದು, ಆಸ್ಪತ್ರೆಯ ಧಾರಾವಾಹಿಯಲ್ಲಿ ಸಿಡುಕಿನ ನರ್ಸ್ ಆಗಿದ್ದು, ಒಂದು ಸಿನಿಮಾದಲ್ಲಿ ಹತ್ತೇ ನಿಮಿಷ ಬಂದು ನಾಯಕನನ್ನು ಬೈದು ಹೋಗಿದ್ದು, ಒಂದನ್ನೂ ಬಿಟ್ಟಿರಲಿಲ್ಲ. ಬಸ್ಸಿನ ಧಾರಾವಾಹಿಯ ಬಳಿಕ ಅವಳು ನಾಟಕಗಳತ್ತ ಹೋದಳಂತೆ. ಪರದೆಯ ಮೇಲೆ ಕಾಣಿಸಿದ್ದು ಕಡಿಮೆ. ಒಂದು ದಿನ ಸ್ಟೆಲ್ಲಾ ಹೆಡ್‌ಫೋನ್ ತೆಗೆದು, “ಸಾರ್, ನಮ್ಮ ನೆಸ್ಟಾ ಸುಳ್ಳು ಹೇಳೋಕ್ಮುಂಚೆ ಮೂಗಲ್ಲಿ ಉಸಿರು ಎಳ್ಕೋತಾಳೆ. ನಿಜ ಹೇಳುವಾಗ ಬಾಯಲ್ಲಿ. ನೋಡಿದ್ರಾ?” ಎಂದರು. ನಾನು ನೋಡಿರಲಿಲ್ಲ. ಆಮೇಲೆ ಹದಿನಾರು ಕಂತುಗಳನ್ನೂ ತಿರುವಿ ಹಾಕಿದೆ. ಒಂದು ಕಡೆಯೂ ತಪ್ಪಿರಲಿಲ್ಲ. ಅವತ್ತಿನಿಂದ ನಾವೆಲ್ಲ ಅವಳನ್ನು ‘ನಮ್ಮ ನೆಸ್ಟಾ’ ಎಂದೇ ಕರೆಯತೊಡಗಿದೆವು.

ಮೂರನೆಯ ಸೀಸನ್ ಬರುತ್ತದೆ ಎಂಬ ಸುದ್ದಿ ಬಂದಾಗ ಸ್ಟೆಲ್ಲಾಗೆ ಥೈರಾಯ್ಡ್ ಗಡ್ಡೆಯ ಆಪರೇಷನ್ ಆಗಿ ಐದು ತಿಂಗಳಾಗಿತ್ತು. ಗಡ್ಡೆ ಕೆಟ್ಟದ್ದಲ್ಲ ಎಂದು ಗೊತ್ತಾಗಿ ಎಲ್ಲರೂ ಉಸಿರು ಬಿಟ್ಟಿದ್ದೆವು. ಆದರೆ ಧ್ವನಿತಂತುಗಳಿಗೆ ಹೋಗುವ ನರ ಅಲ್ಲೇ ಪಕ್ಕದಲ್ಲಿ ಹಾಯುತ್ತದಂತೆ, ಅದು ಸ್ವಲ್ಪ ನೊಂದಿತ್ತು. ದನಿ ಮರಳಿ ಬರುತ್ತದೆ, ಆದರೆ ಹಳೆಯ ದನಿಯೇ ಬರುತ್ತದೆಂದು ಹೇಳಲಾಗದು ಎಂದಿದ್ದರು ಡಾಕ್ಟರು. ಬಂದ ದನಿ ತಗ್ಗಿತ್ತು, ಒರಟಾಗಿತ್ತು, ಮೇಲೆ ಹೋದಾಗ ಒಡೆಯುತ್ತಿತ್ತು. ಸ್ಟೆಲ್ಲಾ ಸ್ಟುಡಿಯೋಗೆ ಬಂದು ನನ್ನೆದುರು ಕೂತು ನೇರವಾಗಿ ಹೇಳಿದರು: “ಚರ್ಚಲ್ಲಿ ಹಾಡೋ ಕ್ವೈರ್‌ನಲ್ಲಿ ನನ್ನನ್ನ ಹಿಂದಿನ ಲೈನಿಗೆ ಕಳಿಸಿದ್ರು ಸಾರ್. ಅದು ಪರ್ವಾಗಿಲ್ಲ. ಆ್ಯಡ್ ಕೆಲಸ ಹೋಯ್ತು, ಅದೂ ಪರ್ವಾಗಿಲ್ಲ. ನೆಸ್ಟಾನ ಮಾತ್ರ ಬೇರೆಯವ್ರಿಗೆ ಕೊಡ್ಬೇಡಿ.”

ಕೊಡುವುದು ಬಿಡುವುದು ನನ್ನ ಕೈಯಲ್ಲಿರಲಿಲ್ಲ. ಈ ಕೆಲಸದ ಪದ್ಧತಿಯನ್ನು ಇಲ್ಲಿ ವಿವರಿಸಬೇಕು. ಹೊಸ ಸೀಸನ್ ಶುರುವಾಗುವ ಮೊದಲು ಮುಖ್ಯ ಪಾತ್ರದ ಕಲಾವಿದರಿಂದ ತೊಂಬತ್ತು ಸೆಕೆಂಡಿನ ವಾಯ್ಸ್ ಸ್ಯಾಂಪಲ್ ಮಾಡಿಸಿ, ಧಾರಾವಾಹಿ ಕೊಡುವ ಕಂಪನಿಯ ಮುಂಬೈ ಆಫೀಸಿಗೆ ಕಳಿಸಬೇಕು. ಅಲ್ಲಿ ಕ್ಯೂಸಿ ಎಂಬ ವಿಭಾಗವಿದೆ, ಅಂದರೆ ಗುಣಮಟ್ಟ ನೋಡುವವರು. ಅಲ್ಲಿನ ಕನ್ನಡದ ಮೇಡಂ ಹಳೆಯ ಸೀಸನ್ನಿನ ದನಿಯನ್ನು ಒಂದು ಕಿವಿಯಲ್ಲಿ, ಹೊಸದನ್ನು ಇನ್ನೊಂದು ಕಿವಿಯಲ್ಲಿ ಎಂಬಂತೆ ಹೋಲಿಸಿ ನೋಡುತ್ತಾರೆ. ಬರೀ ಶಬ್ದ, ಚಿತ್ರವಿಲ್ಲ. ಕಳ್ಳ ಕಾಪಿಯ ಭಯಕ್ಕೆ ಚಿತ್ರವನ್ನು ದನಿ ಪಾಸಾದ ಮೇಲಷ್ಟೇ ಕಳಿಸುತ್ತಿದ್ದರು. ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಮಾತುಗಳ ಪಟ್ಟಿ ಮಾತ್ರ. ದನಿ ಹೊಂದದಿದ್ದರೆ ಬೇರೆ ಕಲಾವಿದೆ. ಕಲ್ಯಾಣ ನಗರದ ಒಬ್ಬಾಕೆಯನ್ನು ಆಗಲೇ ಕಾದಿರಿಸಲು ಹೇಳಿಯೂ ಆಗಿತ್ತು.

ಸ್ಟೆಲ್ಲಾ ಸ್ಯಾಂಪಲ್ ಕೊಟ್ಟರು. ಬೆವರು ಒರೆಸಿಕೊಳ್ಳುತ್ತ ಏಳು ಸಲ ಹೇಳಿದರು. ಭಾವದಲ್ಲಿ ಎಳ್ಳಷ್ಟೂ ಕೊರತೆಯಿಲ್ಲ. ಆದರೆ ಹಳೆಯದರ ಪಕ್ಕ ಇಟ್ಟರೆ ಎರಡೂ ಒಬ್ಬರದೇ ದನಿ ಎಂದು ನಾನೇ ಆಣೆ ಮಾಡಲಾರೆ. ಅವರು ಬಿಸಿನೀರಿನ ಫ್ಲಾಸ್ಕು ಹಿಡಿದುಕೊಂಡು ಮೆಟ್ಟಿಲಿಳಿದು ಹೋದ ಮೇಲೆ ನಾನು ಸೌಂಡ್ ಇಂಜಿನಿಯರ್ ನಾಜಿಮಾ ಕಡೆ ತಿರುಗಿದೆ. ನಾಜಿಮಾ ಶಿವಾಜಿನಗರದವಳು, ನನ್ನ ಜೊತೆ ಒಂಬತ್ತು ವರ್ಷದಿಂದ ಕೆಲಸ ಮಾಡುತ್ತಿದ್ದವಳು. ಅವಳ ಕಿವಿ ನನ್ನ ಕಿವಿಗಿಂತ ಚುರುಕು.

“ಇದನ್ನ ಸ್ವಲ್ಪ ಸರಿ ಮಾಡೋಕಾಗುತ್ತಾ?” ಎಂದೆ.

ಏನು ಕೇಳುತ್ತಿದ್ದೇನೆಂದು ಅವಳಿಗೆ ತಕ್ಷಣ ತಿಳಿಯಿತು. ಕಂಪ್ಯೂಟರಿನಲ್ಲಿ ದನಿಯನ್ನು ಒಂದಿಷ್ಟು ಮೇಲಕ್ಕೆತ್ತಬಹುದು, ಒರಟನ್ನು ಉಜ್ಜಿ ತೆಗೆಯಬಹುದು, ಒಡೆದ ಪದಗಳ ಜಾಗಕ್ಕೆ ಹಳೆಯ ಸೀಸನ್ನಿನಿಂದ ಅವರದೇ ಪದಗಳನ್ನು ತಂದು ಕೂರಿಸಬಹುದು. “ಆಗುತ್ತೆ ಸಾರ್. ಆದ್ರೆ ಸ್ಟೆಲ್ಲಾ ಆಂಟಿಗೆ ಒಂದ್ ಮಾತು ಹೇಳ್ಬಿಡೋಣ್ವಾ?” ಎಂದಳು.

“ಪಾಸ್ ಆಗ್ಲಿ, ಆಮೇಲೆ ಹೇಳೋಣ.”

ಅವಳು ಸ್ಯಾಂಪಲ್ ತೆರೆದಳು. ನಾನು ಪಕ್ಕದಲ್ಲೇ ಕೂತು, ಇಲ್ಲಿ ಸ್ವಲ್ಪ, ಅಲ್ಲಿ ಸ್ವಲ್ಪ ಎನ್ನುತ್ತ ಎರಡು ಗಂಟೆಯಲ್ಲಿ ಸ್ಟೆಲ್ಲಾ ಅವರ ವಯಸ್ಸು ಇಳಿಸಿದೆ. ಒಬ್ಬ ಹಳೆಯ ಗೆಳತಿಯ ಕೆಲಸ ಉಳಿಸುತ್ತಿದ್ದೇನೆ ಎಂಬ ಹೆಮ್ಮೆ ಬೇರೆ. ಎಂಟು ಕಂತುಗಳನ್ನೂ ಹೀಗೇ ತಿದ್ದಿ ಕಳಿಸಿದರಾಯಿತು, ಯಾರಿಗೆ ತಿಳಿಯುತ್ತದೆ ಎಂದುಕೊಂಡಿದ್ದೆ. ಸ್ಟೆಲ್ಲಾ ಅವರಿಗೆ ತಿಳಿದರೆ ಎಂಬ ಯೋಚನೆ ಬರಲೇ ಇಲ್ಲ ಎಂದರೆ ಸುಳ್ಳು. ಬಂತು, ಪಕ್ಕಕ್ಕೆ ಸರಿಸಿದೆ.

ನಾಲ್ಕನೆಯ ದಿನ ಮುಂಬೈಯಿಂದ ಮೇಲ್ ಬಂತು: ದನಿ ಹಳೆಯ ಸೀಸನ್ನಿನಂತೆಯೇ ಇದೆ, ಮುಂದುವರಿಸಿ. ಸ್ಟೆಲ್ಲಾಗೆ ಫೋನ್ ಮಾಡಿದೆ. ಹಿಂದೆ ಕುಕ್ಕರ್ ಕೂಗುತ್ತಿತ್ತು, ಅದಕ್ಕಿಂತ ಜೋರಾಗಿ ಇವರು ಕೂಗಿದರು. ಒಳಗಿದ್ದ ಅಕ್ಕನಿಗೆ ತಮಿಳಿನಲ್ಲಿ “ಅಕ್ಕಾ, ಪಾಸ್ ಆಯಿಡ್ಚು!” ಎಂದಿದ್ದು ನನಗೂ ಕೇಳಿಸಿತು. ಆಮೇಲೆ ನನ್ನೊಡನೆ, “ನಾನು ನನ್ನ ದನಿ ಹೋಯ್ತು ಅಂತಾನೇ ಅಂದ್ಕೊಂಡಿದ್ದೆ ಸಾರ್. ನನ್ನ ಕಿವಿಗೇ ಸುಳ್ಳು ಕೇಳಿಸ್ತಿತ್ತೇನೋ,” ಎಂದರು. ಆಗಲೇ ಹೇಳಿಬಿಡಬೇಕಿತ್ತು. ಕಂಗ್ರಾಟ್ಸ್ ಎಂದು ಫೋನ್ ಇಟ್ಟೆ.

ರೆಕಾರ್ಡಿಂಗಿನ ಮೊದಲ ದಿನ ಬೆಳಿಗ್ಗೆ ಹತ್ತಕ್ಕೆ ಸ್ಟೆಲ್ಲಾ ಎರಡು ಡಬ್ಬಿ ಹಿಡಿದು ಬಂದರು. ನನಗೆ ತರಕಾರಿ ಕಟ್ಲೆಟ್, ನಾಜಿಮಾಗೆ ಮಟನ್ನಿನದು. “ನಿಮ್ಮ ಶಿವಾಜಿನಗರದ ಅಂಗಡಿ ಮಟನ್ನೇ ಕಣೇ, ಧೈರ್ಯವಾಗಿ ತಿನ್ನು,” ಎಂದರು. ತಿಳಿನೀಲಿ ಸೀರೆ, ಕತ್ತಿನ ಗಾಯದ ಗೆರೆ ಕಾಣದಂತೆ ಒಂದು ತೆಳು ಸ್ಕಾರ್ಫು. ಮೈಕಿನ ಮುಂದೆ ನಿಂತು, ಹೆಡ್‌ಫೋನ್ ಹಾಕಿಕೊಂಡು, ಗಾಜಿನಾಚೆಯಿಂದ ಹೇಳಿದರು:

“ನಾಜಿಮಾ, ಪಾಸ್ ಆದ ಸ್ಯಾಂಪಲ್ ಒಂದ್ಸಲ ಹಾಕಮ್ಮ. ಅದೇ ಟೋನ್ ಹಿಡ್ಕೋತೀನಿ.”

ಇದು ಎಲ್ಲ ಕಲಾವಿದರೂ ಮಾಡುವ ಕೆಲಸ. ಒಪ್ಪಿಗೆಯಾದ ಸ್ಯಾಂಪಲ್ ಕೇಳಿಕೊಂಡೇ ಮೊದಲ ಟೇಕ್ ಕೊಡುತ್ತಾರೆ. ಮೂವತ್ತೊಂದು ವರ್ಷ ದನಿ ಮುದ್ರಣದಲ್ಲೇ ಕಳೆದ ನನಗೆ ಅದು ಹೊಳೆದಿರಲಿಲ್ಲ. ನಾಜಿಮಾ ಕೈ ಕೀಬೋರ್ಡಿನ ಮೇಲೆ ನಿಂತಿತು. ನನ್ನತ್ತ ನೋಡಿದಳು. ನಾನು ಏನೋ ನೆಪ ಹುಡುಕುತ್ತಿದ್ದೆ, ಸಿಗಲಿಲ್ಲ. ಹಾಕು ಎಂದು ತಲೆಯಾಡಿಸಿದೆ.

ತೊಂಬತ್ತು ಸೆಕೆಂಡು. ಸ್ಟೆಲ್ಲಾ ಮೊದಲ ಹತ್ತು ಸೆಕೆಂಡು ನಗುಮುಖದಲ್ಲಿದ್ದರು. ಆಮೇಲೆ ತಲೆ ಬಗ್ಗಿಸಿದರು. ಮುಗಿದ ಮೇಲೆ ಹೆಡ್‌ಫೋನನ್ನು ನಿಧಾನವಾಗಿ ತೆಗೆದು ಸ್ಟ್ಯಾಂಡಿಗೆ ಸಿಕ್ಕಿಸಿ ಈಚೆ ಬಂದರು.

“ಇದು ನಾನಲ್ಲ ಸಾರ್.”

“ನಿಮ್ಮದೇ ರೀ. ಸ್ವಲ್ಪ ಕ್ಲೀನ್ ಮಾಡಿದೀವಿ, ಅಷ್ಟೇ.”

“ಆಪರೇಷನ್‌ಗಿಂತ ಮುಂಚಿನ ನಾನು. ಈಗಿನ ನಾನಲ್ಲ. ಹಾಗಾದ್ರೆ ನಾನು ಪಾಸ್ ಆಗಿಲ್ಲ.” ಕಟ್ಲೆಟ್ ಡಬ್ಬಿಯ ಮುಚ್ಚಳ ಸರಿಮಾಡಿದರು, ಬ್ಯಾಗ್ ಎತ್ತಿಕೊಂಡರು. ದನಿ ಏರಿಸಲಿಲ್ಲ. “ಮನೇಲೆಲ್ಲಾ ಹೇಳ್ಬಿಟ್ಟಿದೀನಿ, ದನಿ ವಾಪಸ್ ಬಂತು ಅಂತ. ಏನಂತ ಹೇಳ್ಲಿ ಈಗ?”

ನಾಜಿಮಾ ಎದ್ದು ನಿಂತು, “ಸಾರಿ ಆಂಟಿ, ನಾನೇ ಮಾಡಿದ್ದು,” ಎಂದಳು. ಮಾಡಿಸಿದವನು ನಾನು, ಕ್ಷಮೆ ಕೇಳಿದವಳು ಅವಳು. ನಾಚಿಕೆಯಾಯಿತು.

ಬಾಗಿಲವರೆಗೆ ಹೋದ ಸ್ಟೆಲ್ಲಾ ತಿರುಗಿ ನಿಂತರು. “ಪಿಕ್ಚರ್ ಬಂದಿದೆ ಅಲ್ವಾ? ಒಂದೇ ಒಂದ್ಸಲ ಅವಳ್ನ ನೋಡ್ಬಿಟ್ಟು ಹೋಗ್ತೀನಿ.”

ಚಿತ್ರ ಹಿಂದಿನ ಸಂಜೆಯಷ್ಟೇ ಬಂದಿತ್ತು. ನಾನೂ ನಾಜಿಮಾನೂ ಇನ್ನೂ ನೋಡಿರಲಿಲ್ಲ. ಇಂಥ ಚಿತ್ರ ಹೇಗಿರುತ್ತದೆಂದರೆ, ಕದ್ದರೂ ಉಪಯೋಗವಾಗದಂತೆ ಪರದೆಯನ್ನು ಪೂರ್ತಿ ಕಪ್ಪು ಮಾಡಿ, ಮಾತಾಡುವವರ ಮುಖವಿರುವಷ್ಟು ಜಾಗವನ್ನು ಮಾತ್ರ ಗುಂಡಗೆ ತೆರೆದಿಟ್ಟಿರುತ್ತಾರೆ. ನಾಜಿಮಾ ಮೊದಲ ಕಂತಿನ ಮೊದಲ ದೃಶ್ಯ ಹಾಕಿದಳು. ಕಪ್ಪು ಪರದೆ. ಬಸ್ಸಿನ ಬಾಗಿಲು ತೆರೆಯುವ ಸದ್ದು. ನಿಧಾನಕ್ಕೆ ಮೆಟ್ಟಿಲು ಹತ್ತುವ ಹೆಜ್ಜೆ. ಗುಂಡು ಜಾಗದಲ್ಲಿ ಒಂದು ಮುಖ ಬಂತು.

ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕಣ್ಣಿನ ಕೆಳಗೆ ಚೀಲ, ಗದ್ದದಡಿ ಜೋತುಬಿದ್ದ ಚರ್ಮ. ಡ್ರೈವರ್ ಸೀಟಿನಲ್ಲಿ ಕೂತು, ದಣಿವಾರಿಸಿಕೊಂಡು, ತನ್ನ ಇಂಗ್ಲಿಷಿನಲ್ಲಿ ಏನೋ ಗೊಣಗಿದಳು. ದನಿ ತಗ್ಗಿತ್ತು. ಒರಟಾಗಿತ್ತು. ವಾಕ್ಯದ ಕೊನೆಯನ್ನು ಎಂದಿನಂತೆ ಮೇಲೆತ್ತಲು ಹೋದಾಗ ಒಡೆಯಿತು.

ಆಗ ನನ್ನ ಬುದ್ಧಿಗೆ ಲೆಕ್ಕ ಹತ್ತಿತು. ಎರಡನೆಯ ಸೀಸನ್ನನ್ನು ನಾವು ಡಬ್ ಮಾಡಿ ನಾಲ್ಕು ವರ್ಷವಾಗಿತ್ತು. ಆದರೆ ಅವಳು ಅದರಲ್ಲಿ ನಟಿಸಿ ಹದಿಮೂರು ವರ್ಷ. ನಲವತ್ತೈದರ ನೆಸ್ಟಾಳನ್ನು ನಾವು ನಮ್ಮ ಕಂಪ್ಯೂಟರಿನಲ್ಲಿ ಹಾಗೆಯೇ ಇಟ್ಟುಕೊಂಡು ಕೂತಿದ್ದೆವು. ಅವಳು ಅಲ್ಲಿ ಅರವತ್ತರ ಹತ್ತಿರ ಬಂದಿದ್ದಳು. ಮುಂಬೈಯವರು ಹಳೆಯ ದನಿಗೆ ಹೊಂದಿಸು ಎಂದರು, ನಾನು ಹೊಂದಿಸಿದೆ. ಹೊಂದಿಸಬೇಕಾದ ಹೆಂಗಸು ಹೇಗಿದ್ದಾಳೆ ಎಂದು ನಾವು ಯಾರೂ ಕೇಳಲಿಲ್ಲ.

ಸ್ಟೆಲ್ಲಾ ಪರದೆಯ ಹತ್ತಿರಕ್ಕೇ ಹೋಗಿದ್ದರು. “ಅಯ್ಯೋ ನನ್ನ ಚಿನ್ನ,” ಎಂದರು. “ನೀನೂ ಮುದುಕಿ ಆಗ್ಬಿಟ್ಯಾ?” ನಗುತ್ತಿದ್ದರು, ಕಣ್ಣಲ್ಲಿ ನೀರೂ ಇತ್ತು. ಬ್ಯಾಗನ್ನು ನನ್ನ ಕುರ್ಚಿಯ ಮೇಲಿಟ್ಟು, ಯಾರನ್ನೂ ಕೇಳದೆ ಒಳಗೆ ಹೋಗಿ ಮೈಕಿನ ಮುಂದೆ ನಿಂತರು. ನಾಜಿಮಾ ದೃಶ್ಯವನ್ನು ಮೊದಲಿಂದ ಬಿಟ್ಟಳು. ಆ ಮುಖದಿಂದ ಕನ್ನಡ ಬಂತು. ಅವಳು ಗೊಣಗಿದ ಹಾಗೆಯೇ, ಅವಳ ಉಸಿರಿಗೇ, ಅವಳು ಒಡೆದ ಜಾಗದಲ್ಲೇ ಒಡೆದು. ನಾನು ‘ಇನ್ನೊಂದು ಸಲ’ ಎನ್ನಲಿಲ್ಲ.

ದೃಶ್ಯ ಚೆನ್ನಾಗಿ ಬಂದರೆ ಸಾಲದು, ಮುಂಬೈಗೆ ನಿಜ ಹೇಳಬೇಕಿತ್ತು. ಪಾಸಾದ ದನಿ ಒಂದು, ಈಗ ಕಳಿಸುವ ದನಿ ಇನ್ನೊಂದು. ಅವರು ಸಿಟ್ಟಾಗಿ ಸ್ಟೆಲ್ಲಾ ಅವರನ್ನು ಬದಲಿಸಿ ಎನ್ನಬಹುದಿತ್ತು, ಕೆಲಸವನ್ನೇ ಬೇರೆ ಸ್ಟುಡಿಯೋಗೆ ಕೊಡಬಹುದಿತ್ತು. ಕ್ಯೂಸಿ ಮೇಡಂಗೆ ಫೋನ್ ಮಾಡಿದೆ. ಅವರು ಧಾರವಾಡ ಕಡೆಯವರು, ಮುಂಬೈಯಲ್ಲಿ ಎಷ್ಟೋ ವರ್ಷವಿದ್ದರೂ ಮಾತು ಬಿಟ್ಟಿರಲಿಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿ, “ಅಲ್ರೀ ಸರ, ಮೊದಲ ಕಳಿಸಿದ್ದು ಯಾರ ದನಿ ಮತ್ತ?” ಎಂದರು.

“ಅವರದೇ ಮೇಡಂ. ನಾನು ಮಷೀನಲ್ಲಿ ತಿದ್ದಿಸಿದ್ದೆ. ಅವ್ರಿಗೆ ಗೊತ್ತಿರ್ಲಿಲ್ಲ, ಹೇಳ್ಬಿಡೋಣ ಅಂತ ಇಂಜಿನಿಯರ್ ಅಂದ್ರೂ ನಾನು ಕೇಳಲಿಲ್ಲ. ತಪ್ಪು ನಂದೊಬ್ಬನದೇ.”

ಮೇಡಂ, “ಚಿತ್ರದ ಜೊತಿ ಎರಡು ನಿಮಿಷ ಕಳಸ್ರಿ. ಹಸೀ ದನಿ. ಏನೂ ಹಚ್ಚಬ್ಯಾಡ್ರಿ,” ಎಂದು ಫೋನ್ ಇಟ್ಟರು.

ಕಳಿಸಿ ಮೂರು ದಿನ ಕಾದೆವು. ಸ್ಟೆಲ್ಲಾ ದಿನವೂ ಹತ್ತು ಗಂಟೆಗೆ ಬಂದು ರಿಸೆಪ್ಷನ್ನಿನ ಸೋಫಾದಲ್ಲಿ ಕೂತು ಸಂಜೆ ಹೋಗುತ್ತಿದ್ದರು. ಕೆಲಸವಿಲ್ಲ, ಬರಬೇಕಾಗಿಯೂ ಇರಲಿಲ್ಲ. ಮನೆಯಲ್ಲಿ ಅಕ್ಕನಿಗೆ ಇನ್ನೂ ಹೇಳಿರಲಿಲ್ಲವೆಂದು ಕಾಣುತ್ತದೆ. ನಾನು ಅವರ ಮುಂದೆ ಹಾಯುವಾಗೆಲ್ಲ ಫೋನಿನಲ್ಲಿ ಏನೋ ನೋಡುವವನಂತೆ ಹೋಗುತ್ತಿದ್ದೆ. ದಿನಾ ನೂರಾರು ಸಲ ಬೇರೆಯವರ ಮಾತನ್ನು ತಿದ್ದುವ ನನಗೆ ‘ತಪ್ಪಾಯ್ತು’ ಎಂಬ ಒಂದು ಮಾತು ಕೂಡಿ ಬರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಮೇಡಂ ಫೋನ್ ಬಂತು. ಸ್ಪೀಕರಿಗೆ ಹಾಕಿ ಸ್ಟೆಲ್ಲಾ, ನಾಜಿಮಾ ಇಬ್ಬರನ್ನೂ ಕರೆದೆ.

“ನಾ ಮೂರು ಸಲ ನೋಡಿದೆ,” ಎಂದರು ಮೇಡಂ. “ಮೊದಲನೇ ಸಲ ಕಿವಿ ಒಪ್ಪಲಿಲ್ಲ, ಹಳೇದು ತುಂಬಿಕೊಂಡಿತ್ತಲ್ಲ. ಎರಡನೇ ಸಲಕ್ಕ ಇದು ಡಬ್ಬಿಂಗ್ ಅನ್ನೋದ ಮರ್ತೆ. ಮೂರನೇ ಸಲ ಸುಮ್ನ ನೋಡಿದೆ. ಆ ಅಕ್ಕಾರನ್ನ ಬದಲಿ ಮಾಡಬ್ಯಾಡ್ರಿ.” ಆಮೇಲೆ ಸೇರಿಸಿದರು: “ನಿಮಗ ಮಾತ್ರ ಒಂದು ಪತ್ರ ಬರ್ತದ ಸರ. ಅದಕ್ಕ ನಾ ಏನೂ ಮಾಡಂಗಿಲ್ಲ.”

ಪತ್ರ ಬಂತು. ಒಪ್ಪಿಗೆಗೆ ಕಳಿಸುವ ದನಿಯನ್ನು ತಿದ್ದಿದ್ದಕ್ಕೆ ಎಚ್ಚರಿಕೆ. ಮುಂದಿನ ಎರಡು ಧಾರಾವಾಹಿ ನಮ್ಮ ಸ್ಟುಡಿಯೋಗೆ ಬರಲಿಲ್ಲ. ಮಾಲೀಕರು ಒಂದು ತಿಂಗಳು ನನ್ನ ಮುಖ ನೋಡಿ ಮಾತಾಡಲಿಲ್ಲ. ಅದರಲ್ಲಿ ನನಗೆ ದೂರುವುದೇನೂ ಇಲ್ಲ.

ಆ ಎಂಟು ಕಂತಿನ ಕೆಲಸ ಐದು ವಾರ ನಡೆಯಿತು. ನನ್ನ ಸರ್ವಿಸಿನಲ್ಲೇ ಅಷ್ಟು ಖುಷಿಯ ಐದು ವಾರ ಇನ್ನೊಂದಿಲ್ಲ. ಸ್ಟೆಲ್ಲಾ ಅವರ ಗಂಟಲು ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ತಡೆಯುತ್ತಿರಲಿಲ್ಲ, ಹಾಗಾಗಿ ನಡುನಡುವೆ ಬಿಸಿನೀರು ಕುಡಿಯುತ್ತ ನೆಸ್ಟಾಳ ಬಗ್ಗೆ ಹರಟುತ್ತಿದ್ದೆವು. ಈ ಸಲ ಅವಳು ಮೊದಲಿನಂತೆ ಕೂಗಿ ಕೂಗಿ ಜಗಳವಾಡುತ್ತಿರಲಿಲ್ಲ. ಪ್ರಯಾಣಿಕರ ಗೋಳನ್ನು ಕನ್ನಡಿಯಲ್ಲಿ ನೋಡುತ್ತ ಸುಮ್ಮನಿರುತ್ತಿದ್ದಳು, ಎರಡೇ ಮಾತಾಡುತ್ತಿದ್ದಳು. “ಕಮ್ಮಿ ಮಾಡಿ ಜಾಸ್ತಿ ಕೊಡ್ತಿದಾಳೆ ನೋಡಿ,” ಎಂದು ಸ್ಟೆಲ್ಲಾ ಮಗಳ ಮಾರ್ಕ್ಸ್ ಕಾರ್ಡ್ ತೋರಿಸುವವರಂತೆ ಹೇಳಿಕೊಳ್ಳುತ್ತಿದ್ದರು.

ಕೊನೆಯ ದಿನ, ಕೊನೆಯ ಟೇಕ್ ಮುಗಿದು ನಾಜಿಮಾ ಫೈಲು ಕಳಿಸಲು ಕೂತಾಗ, ನಾನೂ ಸ್ಟೆಲ್ಲಾನೂ ಬಾಲ್ಕನಿಯಲ್ಲಿ ಟೀ ಕುಡಿಯುತ್ತಿದ್ದೆವು. ಐದು ವಾರ ಮುಂದೂಡಿದ್ದನ್ನು ಅಲ್ಲಿ ಹೇಳಿದೆ. “ಸ್ಟೆಲ್ಲಾ ಅವ್ರೇ, ಅವತ್ತು ನಾನು ಮಾಡಿದ್ದು ತಪ್ಪು. ನಿಮ್ಮನ್ನ ಹೇಗಾದ್ರೂ ಉಳಿಸ್ಕೋಬೇಕು ಅಂತ ಮಾಡ್ಬಿಟ್ಟೆ.”

“ಗೊತ್ತು ಸಾರ್,” ಎಂದರು. ಟೀ ಲೋಟ ಕೆಳಗಿಟ್ಟರು. “ನೀವು ಒಳ್ಳೇದಕ್ಕೇ ಮಾಡಿದ್ರಿ. ಆದ್ರೆ ನೀವು ಉಳಿಸಿದ್ದು ಹಳೇ ಸ್ಟೆಲ್ಲಾನ. ಅವಳು ಯಾವತ್ತೋ ಹೋಗಿದ್ಲು. ನಾನು ಇಲ್ಲೇ, ನಿಮ್ಮ ಮುಂದೇನೇ ಇದ್ದೆ. ನನ್ನನ್ನ ನೀವು ಕೇಳ್ಲಿಲ್ಲ.”

ನಿವೃತ್ತಿಯ ದಿನ ಸ್ಟುಡಿಯೋದವರು ಎರಡು ಮಾತಾಡಿ ಎಂದಾಗ, ಇಷ್ಟು ವರ್ಷದಲ್ಲಿ ಕಲಿತದ್ದು ಏನೆಂದು ಯಾರೋ ಕೇಳಿದರು. ತುಟಿಗೆ ಮಾತು ಹೊಂದಿಸುವುದು, ಉಸಿರು ಎಲ್ಲಿ ಬಿಡಬೇಕೆಂಬುದು, ಇವೆಲ್ಲ ಯಾರು ಬೇಕಾದರೂ ಕಲಿಯಬಹುದು. ನಾನು ತಡವಾಗಿ ಕಲಿತದ್ದು ಬೇರೆ. ಒಬ್ಬರಿಗೆ ಒಳ್ಳೆಯದು ಮಾಡಲು ಹೊರಟಾಗ, ಅವರು ಈಗ ಹೇಗಿದ್ದಾರೆಂದು ಮೊದಲು ನೋಡಬೇಕು. ಆಮೇಲೆ ಅವರನ್ನೇ ಕೇಳಬೇಕು. ನಾನು ಇಷ್ಟು ಹೇಳಿ ಕೂರುವಷ್ಟರಲ್ಲಿ ಸ್ಟೆಲ್ಲಾ ಎರಡನೆಯ ಸಾಲಿನಿಂದ, ಒಡೆದ ದನಿಯಲ್ಲಿ, ಇಡೀ ಹಾಲಿಗೆ ಕೇಳುವಂತೆ, “ಟೇಕ್ ಓಕೆ ಸಾರ್,” ಎಂದರು.